ಬೈಲುಕುಪ್ಪೆಯವರ ಜೊತೆಗೆ ಹೋಗಲು ಒಬ್ಬರು ಬೇಕು

ನಮಸ್ಕಾರ. ಹಾಸನದ ನಮ್ಮ ಪುಟ್ಟ ಟ್ರಸ್ಟ್ ಪರವಾಗಿ ಬರೆಯುತ್ತಿದ್ದೇನೆ. ಬೈಲುಕುಪ್ಪೆಯ ಟಿಬೆಟನ್ ನಿರಾಶ್ರಿತರಲ್ಲಿ ಅಂಗವಿಕಲರಾದವರ ಜೊತೆಗೆ ಆಸ್ಪತ್ರೆಗೆ, ಕಚೇರಿಗೆ ಹೋಗುವವರನ್ನು ಇಡಲು ನಿಮ್ಮ ದೇಣಿಗೆ ಕೇಳುತ್ತಿದ್ದೇವೆ.

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಕಟ್ಟಿದಾಗ ಮುಳುಗಿದ ಊರುಗಳಲ್ಲಿ ನಮ್ಮಮ್ಮನ ತವರೂ ಒಂದು. ನನ್ನ ಸೋದರಮಾವನಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಹಳೇ ಊರಲ್ಲಿ ಹೊಳೆಗೆ, ಗುಡಿಗೆ, ಪಕ್ಕದ ಕೇರಿಗೆ ಒಬ್ಬರೇ ಹೋಗಿಬರುತ್ತಿದ್ದರಂತೆ. ಹೊಸ ಜಾಗಕ್ಕೆ ಬಂದ ಮೇಲೆ ಜಗಲಿ ಇಳಿಯಲಿಲ್ಲ. ಅದನ್ನು ನೆನೆದರೆ ಅಮ್ಮ ಈಗಲೂ ಸುಮ್ಮನಾಗಿಬಿಡುತ್ತಾರೆ. ನಮ್ಮ ಜಿಲ್ಲೆಯೊಳಗೇ, ನಮ್ಮ ಭಾಷೆಯವರ ನಡುವೆಯೇ ಹೀಗಾದರೆ ದೇಶವನ್ನೇ ಬಿಟ್ಟು ಬಂದವರಿಗೆ ಹೇಗಿರಬೇಡ?

ಅರಕಲಗೂಡು, ಕೊಣನೂರು, ಕುಶಾಲನಗರ ದಾಟಿದರೆ ಬೈಲುಕುಪ್ಪೆ. 1959ರ ನಂತರ ಟಿಬೆಟ್‌ನಿಂದ ಬಂದವರಿಗೆ ಆಗಿನ ಮೈಸೂರು ರಾಜ್ಯ ಅಲ್ಲಿ ಜಾಗ ಕೊಟ್ಟಿತು. ಗೋಲ್ಡನ್ ಟೆಂಪಲ್ ನೋಡೋಕೆ ನಾವೆಲ್ಲ ಹೋಗಿದ್ದೇವೆ, ಅಲ್ವಾ? ಟಿಬೆಟನ್ನರು ವಾಸವಿರುವ ಕ್ಯಾಂಪುಗಳ ಒಳಗೆ ಹೋದವರು ಕಮ್ಮಿ. ಅಲ್ಲಿ ಕಿವಿ ಕೇಳದ ಒಬ್ಬರು ಅಜ್ಜಿ ಇದ್ದಾರೆ. ಒಂದು ಕಚೇರಿಯಲ್ಲಿ ಬೆಳಿಗ್ಗೆಯಿಂದ ಕೂತಿದ್ದರು, ಹೆಸರು ಕರೆದದ್ದು ಗೊತ್ತಾಗಲಿಲ್ಲ, ಸರದಿ ತಪ್ಪಿತು, ಇನ್ನೊಂದು ದಿನ ಬನ್ನಿ ಅಂದರು. ಪಕ್ಕದಲ್ಲಿ ಕೈ ಮುಟ್ಟಿ ಎಬ್ಬಿಸುವವರು ಒಬ್ಬರಿದ್ದರೆ ಸಾಕಿತ್ತು.

ಕಾನೂನು ಇಲ್ಲ ಅಂತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಯುದ್ಧ, ವಿಪತ್ತಿನ ಹೊತ್ತಲ್ಲಿ ಅಂಗವಿಕಲರಿಗೂ ಸಮಾನ ರಕ್ಷಣೆ ಸಿಗಬೇಕು ಅಂತಲೂ ಹೇಳುತ್ತದೆ. ಆದರೆ 1951ರ ನಿರಾಶ್ರಿತರ ಒಪ್ಪಂದಕ್ಕೆ ನಮ್ಮ ದೇಶ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಬೇರೆ ಕಾನೂನೂ ಇಲ್ಲ. ಹಾಗಾಗಿ ಯಾವ ಕಾಗದ ಎಲ್ಲಿ ನಡೆಯುತ್ತದೆ ಅನ್ನೋದೇ ಅವರಿಗೆ ದೊಡ್ಡ ಗೊಂದಲ.

ನಾವು ದೇಣಿಗೆ ಕೇಳುತ್ತಿರುವುದು ಇದಕ್ಕೇ. ಟಿಬೆಟನ್, ಕನ್ನಡ ಎರಡೂ ಬಲ್ಲ ಇಬ್ಬರು ಹುಡುಗರನ್ನು ಕ್ಯಾಂಪಿನಿಂದಲೇ ಗೊತ್ತು ಮಾಡಿದ್ದೇವೆ. ಅವರಿಗೆ ತಿಂಗಳ ಸಂಬಳ ಕೊಡಬೇಕು, ಸನ್ನೆ ಭಾಷೆ ಕಲಿಸಬೇಕು, ಆಸ್ಪತ್ರೆಗೆ, ಕಚೇರಿಗೆ ಜೊತೆಗೆ ಕಳಿಸುವಾಗ ಗಾಡಿ ಬಾಡಿಗೆ ಕಟ್ಟಬೇಕು. ಗಾಲಿಕುರ್ಚಿ ಕೊಡುವ ಪುಣ್ಯಾತ್ಮರು ಸಿಗುತ್ತಾರೆ, ಅದರ ಚಕ್ರ ಹೋದಾಗ ರಿಪೇರಿಗೆ ದುಡ್ಡು ಹುಟ್ಟುವುದು ಕಷ್ಟ, ಅದಕ್ಕೂ ಸ್ವಲ್ಪ ಬೇಕು. ಯಾವುದಕ್ಕೆ ಎಷ್ಟು ಖರ್ಚು ಅಂತ ತೀರ್ಮಾನಿಸುವ ಸಭೆಯಲ್ಲಿ ಕ್ಯಾಂಪಿನ ಮೂವರು ವಿಕಲಚೇತನರು ಕೂರುತ್ತಾರೆ. ಅವರು ಬೇಡ ಅಂದರೆ ಬೇಡ.

ನೂರು ರೂಪಾಯಿ ಆದರೂ ಸರಿ, ರಸೀದಿ ಕೊಡುತ್ತೇವೆ. ಪ್ರತಿ ತಿಂಗಳ ಲೆಕ್ಕ ಯಾರು ಬೇಕಾದರೂ ಬಂದು ನೋಡಬಹುದು. ದುಡ್ಡು ಕೊಡಲಾಗದವರು ಒಂದು ದಿನ ನಿಮ್ಮ ಕಾರು ಕೊಟ್ಟರೂ ದೊಡ್ಡ ಉಪಕಾರ. ಅಜ್ಜಿಗೆ ಮತ್ತೆ ಬರಲು ಹೇಳಿರುವುದು ಮುಂದಿನ ತಿಂಗಳು. ಈ ಸಲ ಅವರನ್ನು ಒಬ್ಬರೇ ಕಳಿಸಬಾರದು.