ಗ್ರಾಹಕರಿಗೆ ಪತ್ರ: ಮೇ ತಿಂಗಳಿಂದ ಮುಂಗಡ ಆರ್ಡರ್ ಮಾತ್ರ

ಸ್ಲೌ, ಇಂಗ್ಲೆಂಡ್, ಏಪ್ರಿಲ್ 15, 2019

ಆತ್ಮೀಯ ಗ್ರಾಹಕರೇ,

ಮೊದಲು ವಿಷಯ ಹೇಳಿಬಿಡುತ್ತೇವೆ, ವಿವರಣೆ ಆಮೇಲೆ. ಮೇ ತಿಂಗಳಿಂದ ಊರಿನ ದಿನಸಿ ತುಂಬಿದ ನಮ್ಮ ತಿಂಗಳ ಪೆಟ್ಟಿಗೆ ಈಗಿನ ಹಾಗೆ ತಾನಾಗಿ ನಿಮ್ಮ ಮನೆಗೆ ಬರುವುದಿಲ್ಲ. ಪ್ರತಿ ತಿಂಗಳ 10ನೇ ತಾರೀಖಿನೊಳಗೆ ಏನೇನು ಬೇಕು ಅಂತ ನೀವು ತಿಳಿಸಬೇಕು, ಅರ್ಧ ಹಣ ಮೊದಲೇ ಕಟ್ಟಬೇಕು. ಅಷ್ಟನ್ನು ಮಾತ್ರ ತರಿಸುತ್ತೇವೆ. ಉಚಿತ ಡೆಲಿವರಿಗೆ ಇಷ್ಟು ದಿನ 30 ಪೌಂಡ್ ಸಾಕಿತ್ತು, ಇನ್ನು 45 ಪೌಂಡ್ ಆಗಬೇಕು. ಅವಲಕ್ಕಿ, ಬ್ಯಾಡಗಿ ಮೆಣಸಿನಕಾಯಿ, ಗುರೆಳ್ಳು ಚಟ್ನಿಪುಡಿ ಈ ಮೂರರ ಬೆಲೆ ಸ್ವಲ್ಪ ಏರುತ್ತದೆ. ಸೋನಾಮಸೂರಿ ಮತ್ತು ರಾಗಿ ಹಿಟ್ಟಿನ ಬೆಲೆ ಅಕ್ಟೋಬರ್ ಕೊನೆವರೆಗೂ ಮುಟ್ಟುವುದಿಲ್ಲ. ಐರ್ಲೆಂಡಿನ ಡಬ್ಲಿನ್ ಮತ್ತು ಕಾರ್ಕ್‌ನ ಗ್ರಾಹಕರಿಗೆ ಸೆಪ್ಟೆಂಬರ್ ನಂತರ ಕಳಿಸುವುದು ನಿಲ್ಲುತ್ತದೆ.

ತೊಂದರೆ ಆಗುತ್ತದೆ ಅಂತ ಗೊತ್ತು. ಅದಕ್ಕೆ ಕ್ಷಮೆ ಇರಲಿ. ಆದರೆ ಕಳೆದ ಕೆಲವು ವಾರಗಳಲ್ಲಿ ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ಅಂಗಡಿ ಬಾಗಿಲಲ್ಲೇ ನಿಂತು ಕೆಲವರು ಆಡಿದ ಮಾತಿಗೆ ಉತ್ತರ ಕೊಡದೆ ಇರೋದಕ್ಕೆ ಆಗುತ್ತಿಲ್ಲ.

ಆ ಮಾತು ಇದು: "ನಿಮ್ಮ ಸಾಮಾನು ಬರೋದು ಇಂಡಿಯಾದಿಂದ. ಯುರೋಪಿಗೂ ರಾಗಿ ಹಿಟ್ಟಿಗೂ ಏನ್ರೀ ಸಂಬಂಧ? ಇನ್ನೂ ಬ್ರೆಕ್ಸಿಟ್ ಆಗೇ ಇಲ್ಲ, ಆಗಲೇ ಅದರ ಹೆಸರಲ್ಲಿ ರೇಟ್ ಏರಿಸ್ತೀರಾ?"

ಬ್ರೆಕ್ಸಿಟ್ ಅಂದರೆ ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟು ಹೊರಬರುವುದು. ಅದಕ್ಕೂ ನಮ್ಮ ಸಾಮಾನಿಗೂ ಸಂಬಂಧ ಇದೆ. ಸಮಾಧಾನವಾಗಿ ಹೇಳುತ್ತೇವೆ, ಕೇಳಿ.

20 ಅಡಿಯ ಒಂದು ಕಂಟೇನರಿಗೆ ಅಕ್ಕಿ ತುಂಬಿದರೆ 20 ಟನ್‌ಗೂ ಜಾಸ್ತಿ ಹಿಡಿಯುತ್ತದೆ. ಅಷ್ಟನ್ನು ತರಿಸಿ ಮಾರುವ ಶಕ್ತಿ ದೊಡ್ಡ ಕಂಪನಿಗಳಿಗಿದೆ. ಅವರ ಕಂಟೇನರ್ ನೇರವಾಗಿ ಇಂಗ್ಲೆಂಡಿನ ಫೆಲಿಕ್ಸ್‌ಸ್ಟೋ ಬಂದರಿಗೆ ಬರುತ್ತದೆ. ನಮ್ಮಂಥವರು ಏನು ಮಾಡಬೇಕು? ರಾಟರ್‌ಡ್ಯಾಮ್‌ನಲ್ಲಿ ಒಬ್ಬ ಸಗಟು ವ್ಯಾಪಾರಿ ಇದ್ದಾರೆ. ಹಾಲೆಂಡ್, ಜರ್ಮನಿ, ಬೆಲ್ಜಿಯಮ್‌ನ ಸಣ್ಣ ಅಂಗಡಿಗಳಿಗೆಲ್ಲ ಸೇರಿಸಿ ಅವರು ಕಂಟೇನರ್ ತರಿಸುತ್ತಾರೆ. ಅದರಲ್ಲಿ ನಮ್ಮದೂ ಒಂದು ಪಾಲು. ಕಸ್ಟಮ್ಸ್ ಅಲ್ಲೇ ಮುಗಿಯುತ್ತದೆ, ಮೆಣಸಿನಕಾಯಿಗೆ ಅಫ್ಲಾಟಾಕ್ಸಿನ್ (ಬೂಷ್ಟಿನ ವಿಷ) ತಪಾಸಣೆ ಇದ್ದರೆ ಅದೂ ಅಲ್ಲೇ. ಒಂದು ಸಲ ಯುರೋಪ್ ಒಕ್ಕೂಟದ ಒಳಗೆ ಸುಂಕ ಕಟ್ಟಿದ ಸಾಮಾನು 28 ದೇಶಗಳಲ್ಲಿ ಎಲ್ಲಿ ಬೇಕಾದರೂ ಓಡಾಡಬಹುದು. ನಮ್ಮ ಪ್ಯಾಲೆಟ್‌ಗಳು, ಅಂದರೆ ಸಾಮಾನು ಪೇರಿಸಿದ ಮರದ ಹಲಗೆಗಳು, ಲಾರಿ ಹತ್ತುತ್ತವೆ, ಹುಕ್ ಆಫ್ ಹಾಲೆಂಡ್‌ನಲ್ಲಿ ಹಡಗು ಹತ್ತುತ್ತವೆ, ಇಂಗ್ಲೆಂಡಿನ ಹಾರಿಚ್‌ನಲ್ಲಿ ಇಳಿದು ನೇರ ಸ್ಲೌಗೆ ಬರುತ್ತವೆ. ಈ ಕಡೆ ಒಂದು ಕಸ್ಟಮ್ಸ್ ಫಾರಮ್ಮೂ ಇಲ್ಲ.

ನೀವು ತಿನ್ನುವ ಅವಲಕ್ಕಿಯ ಬೆಲೆ ಇಷ್ಟು ದಿನ ಕೈಗೆಟುಕುತ್ತಿದ್ದದ್ದು ಈ ದಾರಿಯಿಂದ. ಯುರೋಪ್ ಒಕ್ಕೂಟದ ಜೊತೆ ಒಪ್ಪಂದ ಇಲ್ಲದೆ ಬ್ರಿಟನ್ ಹೊರಬಂದರೆ ಮಾರನೇ ದಿನದಿಂದ ಹಾರಿಚ್‌ನಲ್ಲಿ ಇಳಿಯುವ ಅದೇ ಪ್ಯಾಲೆಟ್ ಪರದೇಶದ ಸಾಮಾನು. ಆಮದು ರಫ್ತು ಮಾಡುವವರಿಗೆ ಕೊಡುವ ಇಒಆರ್‌ಐ ನಂಬರ್ ಬೇಕು, ಆಮದಿನ ಪತ್ರ ಬೇಕು, ಅದನ್ನು ತುಂಬುವ ಏಜೆಂಟ್ ಬೇಕು, ಏಜೆಂಟಿಗೆ ದುಡ್ಡು ಬೇಕು. ಇಡೀ ಕಂಟೇನರ್ ತರಿಸುವವರಿಗೂ ಆ ಫೀಸು ಅಷ್ಟೇ, ಎರಡು ಪ್ಯಾಲೆಟ್ ತರಿಸುವ ನಮಗೂ ಅಷ್ಟೇ. ತೆರಿಗೆ ಇಲಾಖೆ ಯುರೋಪ್ ಜೊತೆ ಮಾತ್ರ ವ್ಯಾಪಾರ ಮಾಡುವ 1,45,000 ವ್ಯಾಪಾರಿಗಳಿಗೆ "ತಯಾರಾಗಿರಿ" ಅಂತ ಪತ್ರ ಬರೆಯಿತು. ನಮಗೂ ಬಂತು. ಯಾವುದಕ್ಕೆ ತಯಾರಾಗಬೇಕು ಅನ್ನುವುದನ್ನು ಮಾತ್ರ ಸಂಸತ್ತೇ ತೀರ್ಮಾನ ಮಾಡಬೇಕಿತ್ತು.

"ಮಾರ್ಚ್ 13ಕ್ಕೆ ಸರ್ಕಾರ ಹೊಸ ಸುಂಕದ ಪಟ್ಟಿ ಹೊರಡಿಸಿದೆ, ಒಪ್ಪಂದ ಇಲ್ಲದಿದ್ದರೂ ಶೇ 87 ಆಮದಿಗೆ ಸುಂಕ ಇಲ್ಲ" ಅಂತ ಒಬ್ಬರು ಪೇಪರಿನ ಫೋಟೋ ಕಳಿಸಿದ್ದರು. ನಿಜ, ನಾವೂ ಓದಿದ್ದೇವೆ. ಆದರೆ ನಮ್ಮ ಭಯ ಸುಂಕದ್ದಲ್ಲ. ಕಾಗದದ ಕೆಲಸ, ಬಂದರಿನ ಕ್ಯೂ, ಗೋದಾಮಿನ ಬಾಡಿಗೆ, ಇವು. ಇದರ ಜೊತೆಗೆ ಪೌಂಡಿನ ಬೆಲೆ. 2016ರ ಜೂನ್ 23ರಂದು ಯುರೋಪ್ ಒಕ್ಕೂಟ ಬಿಡಬೇಕೋ ಬೇಡವೋ ಅಂತ ಜನ ಮತ ಹಾಕುವಾಗ ಒಂದು ಪೌಂಡಿಗೆ ಸುಮಾರು 100 ರೂಪಾಯಿ ಇತ್ತು. ಈಗ 90ರ ಆಸುಪಾಸು. ನಡುವೆ ಅದಕ್ಕಿಂತಲೂ ಕೆಳಗೆ ಹೋಗಿತ್ತು. ಬ್ಯಾಡಗಿಯ ವರ್ತಕರಿಗೆ ವೆಸ್ಟ್‌ಮಿನ್‌ಸ್ಟರ್ ಸಂಸತ್ತಿನ ಗೊಡವೆ ಇಲ್ಲ. ಅವರು ರೂಪಾಯಿ ಲೆಕ್ಕದಲ್ಲಿ ಕೇಳುತ್ತಾರೆ, ನಾವು ಕೊಡುತ್ತೇವೆ. ಮೂರು ವರ್ಷ ಆ ವ್ಯತ್ಯಾಸವನ್ನು ಬಹುಪಾಲು ನಾವೇ ನುಂಗಿಕೊಂಡೆವು. ಆಗ ಯಾರೂ ಫೋನ್ ಮಾಡಲಿಲ್ಲ, ಅಲ್ವಾ?

ಈಗ ಗೋದಾಮಿನ ಕಥೆ. ಬ್ರಿಟನ್ ಹೊರಬೀಳುವುದಕ್ಕೆ ಮಾರ್ಚ್ 29 ಅಂತ ಎರಡು ವರ್ಷ ಮೊದಲೇ ತಾರೀಖು ನಿಗದಿ ಆಗಿತ್ತು. ಆ ದಿನ ಒಪ್ಪಂದವೇ ಇಲ್ಲದೆ ಹೋದರೆ ಡೋವರ್ ಬಂದರಿನಲ್ಲಿ ಲಾರಿಗಳು ನಿಂತುಬಿಡುತ್ತವೆ ಅಂತ ಸರ್ಕಾರವೇ ಲೆಕ್ಕ ಹಾಕಿತ್ತು. ಜನವರಿಯಲ್ಲಿ ಕೆಂಟ್‌ನ ಹಳೆಯ ಮ್ಯಾನ್‌ಸ್ಟನ್ ವಿಮಾನ ನಿಲ್ದಾಣದಲ್ಲಿ 89 ಲಾರಿ ನಿಲ್ಲಿಸಿ ಟ್ರಾಫಿಕ್ ಜಾಮ್‌ನ ತಾಲೀಮು ನಡೆಸಿದರು. ಹಡಗೇ ಇಲ್ಲದ ಒಂದು ಕಂಪನಿಗೆ ಹಡಗು ಓಡಿಸುವ 1 ಕೋಟಿ 38 ಲಕ್ಷ ಪೌಂಡಿನ ಗುತ್ತಿಗೆ ಕೊಟ್ಟರು, ಫೆಬ್ರವರಿಯಲ್ಲಿ ವಾಪಸ್ ತೆಗೆದುಕೊಂಡರು. ಇದನ್ನೆಲ್ಲ ನೋಡಿದ ಮೇಲೆ ನಮ್ಮಂಥವರು ಸುಮ್ನೆ ಕೂರುವುದು ಹೇಗೆ? ದೇಶದ ದೊಡ್ಡ ದೊಡ್ಡ ಕಂಪನಿಗಳು ಮಾಡಿದ್ದನ್ನೇ ನಾವೂ ಮಾಡಿದೆವು. ಮೂರು ತಿಂಗಳ ಸಾಮಾನು ಒಟ್ಟಿಗೆ ತರಿಸಿ ಇಟ್ಟೆವು. ಎಲ್ಲರೂ ಅದನ್ನೇ ಮಾಡುತ್ತಿದ್ದರಿಂದ ಗೋದಾಮು ಸಿಗುವುದೇ ಕಷ್ಟ ಆಗಿತ್ತು. ಸಿಕ್ಕಿದ್ದು ಕೇಳಿದಷ್ಟು ಬಾಡಿಗೆಗೆ.

ಈ ಸಲದ ಯುಗಾದಿ ಏಪ್ರಿಲ್ 6ಕ್ಕೆ ಇತ್ತು. ಅಂದರೆ ಬ್ರಿಟನ್ ಹೊರಬೀಳಬೇಕಿದ್ದ ದಿನ ಕಳೆದು ಸುಮಾರು ಒಂದೇ ವಾರಕ್ಕೆ. ಹೋಳಿಗೆಗೆ ಬೇಳೆ ಬೆಲ್ಲ ಇಲ್ಲ ಅಂತ ಯಾರ ಮನೆಯಲ್ಲೂ ಆಗಬಾರದು ಅನ್ನುವುದೊಂದೇ ನಮ್ಮ ತಲೆಯಲ್ಲಿ ಇದ್ದದ್ದು. ಆಗಲೂ ಇಲ್ಲ. ಅದನ್ನು ಹೆಮ್ಮೆಯಿಂದಲೇ ಹೇಳುತ್ತೇವೆ.

ಆದರೆ ಮಾರ್ಚ್ 29 ಬರಲೇ ಇಲ್ಲ. ಕ್ಯಾಲೆಂಡರಿನಲ್ಲಿ ಬಂತು, ಬ್ರೆಕ್ಸಿಟ್ ಬರಲಿಲ್ಲ. ಏಪ್ರಿಲ್ 12 ಅಂದರು. ಅದಕ್ಕೂ ಕಾದೆವು. ಈಗ ಅಕ್ಟೋಬರ್ 31 ಅನ್ನುತ್ತಿದ್ದಾರೆ. ಮದುವೆ ಮುಂದಕ್ಕೆ ಹೋಯಿತು ಅಂತ ಹೇಳಿಬಿಡುವುದು ಸುಲಭ, ಹೆಚ್ಚಿಟ್ಟ ತರಕಾರಿ ಏನು ಮಾಡೋದು? ಅವಲಕ್ಕಿಗೆ, ಚಟ್ನಿಪುಡಿಗೆ ಮೇಲೆ ಅಚ್ಚು ಹಾಕಿದ ದಿನಾಂಕ ಇರುತ್ತದೆ. ಅದನ್ನು ಯುರೋಪ್ ಒಕ್ಕೂಟದ ಕಚೇರಿ ಇರುವ ಬ್ರಸೆಲ್ಸ್‌ಗೂ ವಿಸ್ತರಿಸಲು ಆಗುವುದಿಲ್ಲ. ಕಳೆದ ವಾರ ಅರ್ಧ ಬೆಲೆಗೆ ಕೊಟ್ಟದ್ದನ್ನು ನೀವೇ ಕೊಂಡುಹೋಗಿದ್ದೀರಿ. ಬೆಲೆ ಇಳಿಸಿದಾಗ "ಮೊದಲೇ ಇಷ್ಟಕ್ಕೆ ಕೊಡಬಹುದಿತ್ತಲ್ಲ" ಅಂದವರೂ ಇದ್ದಾರೆ. ಅದು ನಷ್ಟದ ಬೆಲೆ ಸ್ವಾಮಿ, ಲಾಭದ್ದಲ್ಲ.

ಪ್ಯಾಕಿಂಗ್ ಕೋಣೆಯಲ್ಲಿ ರೇಡಿಯೋ ಹಾಕಿಕೊಂಡು ಆ ಮತದಾನಗಳನ್ನೆಲ್ಲ ಕೇಳಿದ್ದೇವೆ. ಜನವರಿ 15ಕ್ಕೆ ಪ್ರಧಾನಿ ಥೆರೆಸಾ ಮೇ ತಂದ ಒಪ್ಪಂದ 230 ಮತಗಳಿಂದ ಸೋತಿತು. ಮಾರ್ಚ್ 12ಕ್ಕೆ ಮತ್ತೆ ಸೋತಿತು, 149 ಮತಗಳಿಂದ. ಮಾರನೇ ದಿನ ಒಪ್ಪಂದ ಇಲ್ಲದೆ ಹೋಗುವುದೂ ಬೇಡ ಅಂದರು. ಮಾರ್ಚ್ 27ಕ್ಕೆ ಎಂಟು ದಾರಿ ಮುಂದಿಟ್ಟರು, ಎಂಟೂ ಬಿದ್ದವು. 29ಕ್ಕೆ ಅದೇ ಒಪ್ಪಂದ ಮೂರನೇ ಸಲ ಬಿತ್ತು. ಏಪ್ರಿಲ್ 1ಕ್ಕೆ ಇನ್ನು ನಾಲ್ಕು ದಾರಿ, ನಾಲ್ಕಕ್ಕೂ ಬೇಡ. ಕಸ್ಟಮ್ಸ್ ಒಕ್ಕೂಟದಲ್ಲಿ ಉಳಿಯುವ ದಾರಿ ಬರೀ ಮೂರು ಮತಗಳಿಂದ ಹೋಯಿತು. ನಮ್ಮ ಪ್ಯಾಲೆಟ್‌ಗಳ ಹಣೆಬರಹ ಆ ಮೂರು ಮತದಲ್ಲಿತ್ತು. ಸ್ಪೀಕರ್ ಬರ್ಕೋ ಅವರ "ಆರ್ಡರ್, ಆರ್ಡರ್" ಕೇಳಿ ಕೇಳಿ, ನಮ್ಮ ಹುಡುಗರು ಆರ್ಡರ್ ಪಟ್ಟಿ ಓದುವಾಗಲೂ ಹಾಗೇ ಕೂಗಲು ಶುರು ಮಾಡಿದ್ದರು. ನಕ್ಕಿದ್ದು ಅಷ್ಟೇ.

"ಇವರಿಗಿಂತ ನಮ್ಮ ವಿಧಾನಸೌಧದವರೇ ವಾಸಿ, ರೆಸಾರ್ಟಿಗೆ ಹೋಗಿಯಾದರೂ ಒಂದು ತೀರ್ಮಾನ ಮಾಡ್ತಾರೆ" ಅಂತ ರೆಡಿಂಗ್‌ನ ಗ್ರಾಹಕರೊಬ್ಬರು ಹೇಳಿದ್ದರು. ಕಳೆದ ವರ್ಷ ಮೇ ತಿಂಗಳಲ್ಲಿ ಸರ್ಕಾರ ರಚಿಸಲು ಬೆಂಗಳೂರಿನಲ್ಲಿ ನಡೆದದ್ದನ್ನು ನೆನೆದರೆ ಅವರ ಮಾತನ್ನು ಪೂರ್ತಿ ಒಪ್ಪುವುದು ಕಷ್ಟ. ಆದರೂ ವಿಶ್ವಾಸಮತಕ್ಕೆ ಒಂದು ದಿನ ಅಂತ ಗೊತ್ತಾದ ಮೇಲೆ ಆ ದಿನ ಏನೋ ಒಂದು ಆಗಿತ್ತು. ಇಲ್ಲಿ ಅದೂ ಇಲ್ಲ.

ನಾವು ಯಾವ ಪಕ್ಷ ಅಂತಲೂ ಕೆಲವರು ಕೇಳುತ್ತಾರೆ. ಅಂಗಡಿಗೆ ಪಕ್ಷ ಇಲ್ಲ. ನಮ್ಮ ಸ್ಲೌನಲ್ಲೇ 2016ರಲ್ಲಿ ಹೊರಗೆ ಬರೋಣ ಅಂದವರು ಜಾಸ್ತಿ, ಶೇ 54ರಷ್ಟು. ಅವರಲ್ಲಿ ನಮ್ಮ ಗ್ರಾಹಕರೂ ಇದ್ದಾರೆ. ಮಾರ್ಚ್ 23ರಂದು ಮತ್ತೊಂದು ಜನಮತ ಬೇಕು ಅಂತ ಲಂಡನ್‌ನಲ್ಲಿ ನಡೆದ ದೊಡ್ಡ ಮೆರವಣಿಗೆಗೆ ಹೋದವರೂ ಇದ್ದಾರೆ. ಅವರು ಸಂಸತ್ತಿನ ಎದುರು ದಡದಲ್ಲಿರುವ ಬಸವಣ್ಣನವರ ಪ್ರತಿಮೆ ಹತ್ತಿರ ನಿಂತು ತೆಗೆದ ಫೋಟೋ ನಮಗೆ ಕಳಿಸಿದ್ದರು. ಇಬ್ಬರೂ ಬೈಯುವುದು ಒಂದೇ ಕಟ್ಟಡಕ್ಕೆ. ನಾವೇನು ಬ್ರಸೆಲ್ಸ್ ಭಕ್ತರಲ್ಲ. 2014ರ ಮೇ 1ರಿಂದ ಹಣ್ಣುನೊಣದ ಕಾರಣ ಹೇಳಿ ಇಂಡಿಯಾದ ಮಾವಿನ ಹಣ್ಣನ್ನೇ ತಡೆದಿದ್ದರು. ಬದನೆ, ಹಾಗಲ, ಪಡವಲ, ಕೆಸುವಿಗೂ ತಡೆ. ಮಾವಿಗೆ ಮತ್ತೆ ಒಪ್ಪಿಗೆ ಸಿಕ್ಕಿದ್ದು 2015ರ ಜನವರಿಯಲ್ಲಿ. ಆ ಇಡೀ ಸೀಸನ್ ಹೋಯಿತು. ಅವತ್ತು ನಾವೂ ಚೆನ್ನಾಗಿ ಬೈದಿದ್ದೇವೆ. ಆದರೆ ಅವತ್ತು ಒಂದು ಅನುಕೂಲ ಇತ್ತು. ಇಲ್ಲ ಅಂದರೆ ಇಲ್ಲ ಅಂತ ಗೊತ್ತಿತ್ತು. ಮಾವು ಬಿಟ್ಟು ಬೇರೆ ತರಿಸಿದೆವು. ಹೊರಗೆ ಹೋದರೆ ಹೊರಗಿನ ಲೆಕ್ಕ ಹಾಕುತ್ತೇವೆ, ಒಳಗೇ ಇದ್ದರೆ ಒಳಗಿನ ಲೆಕ್ಕ. ಬಾಗಿಲಲ್ಲೇ ನಿಂತುಕೊಂಡರೆ ಯಾವ ಲೆಕ್ಕ ಹಾಕೋದು?

ಪೆಟ್ಟಿಗೆ ಮೊದಲಿನಷ್ಟು ನೀಟಾಗಿ ಬರುತ್ತಿಲ್ಲ ಅಂತಲೂ ದೂರು ಬಂದಿದೆ. ಕಾರಣ ಇದೆ. ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದ ಪೋಲೆಂಡಿನ ಹೆಣ್ಣುಮಗಳು ಫೆಬ್ರವರಿಯಲ್ಲಿ ಊರಿಗೆ ವಾಪಸ್ ಹೋದಳು. ಹಪ್ಪಳ ಮುರಿಯದ ಹಾಗೆ ಇಡುವ ವಿದ್ಯೆ ಅವಳ ಕೈಯಲ್ಲಿತ್ತು. ಇಲ್ಲೇ ಇರಬಹುದಿತ್ತು, ಯುರೋಪಿನವರು ಇಲ್ಲೇ ಉಳಿಯಲು ಮಾಡಿಸಬೇಕಾದ ನೋಂದಣಿಗೆ ಕೇಳುತ್ತಿದ್ದ 65 ಪೌಂಡ್ ಫೀಸನ್ನೂ ಜನವರಿಯಲ್ಲಿ ಸರ್ಕಾರ ಬಿಟ್ಟುಬಿಟ್ಟಿತ್ತು. "ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ಇರಲಾ ಅಂತ ಅರ್ಜಿ ಹಾಕಬೇಕಾ" ಅಂದಳು. ಹೋದಳು. ಕಾಮನ್‌ವೆಲ್ತ್ ದೇಶದವರು ಅನ್ನುವ ಕಾರಣಕ್ಕೆ, ಇಂಡಿಯಾ ಪಾಸ್‌ಪೋರ್ಟ್ ಇದ್ದೂ ಇಲ್ಲಿ ವಾಸವಿದ್ದ ನಮಗೆ 2016ರಲ್ಲಿ ಮತ ಹಾಕುವ ಹಕ್ಕಿತ್ತು. ಅವಳಿಗೆ ಇರಲಿಲ್ಲ. ಇದು ನಮ್ಮ ಬಹಳ ಗ್ರಾಹಕರಿಗೆ ಇವತ್ತಿಗೂ ಗೊತ್ತಿಲ್ಲ. ಹೊಸ ಹುಡುಗ ಕಲಿಯುತ್ತಿದ್ದಾನೆ, ಸ್ವಲ್ಪ ಸಹಿಸಿಕೊಳ್ಳಿ. ಮುರಿದ ಹಪ್ಪಳದ ಫೋಟೋ ಕಳಿಸಿದರೆ ಮುಂದಿನ ಪೆಟ್ಟಿಗೆಯಲ್ಲಿ ಬೇರೆ ಬರುತ್ತದೆ.

ಐರ್ಲೆಂಡಿನ ಗ್ರಾಹಕರಿಗೆ ಹೇಳುವುದು ಕಷ್ಟ. ನಿಮ್ಮ ಗಡಿ ವಿಷಯಕ್ಕೇ ಇಡೀ ಸಂಸತ್ತು ಸಿಕ್ಕಿಹಾಕಿಕೊಂಡಿದೆ. ಉತ್ತರ ಐರ್ಲೆಂಡಿನ ಗಡಿಯಲ್ಲಿ ತಪಾಸಣೆ ಬರಬಾರದು ಅಂತ ಒಪ್ಪಂದದಲ್ಲಿ ಬರೆದ ಬ್ಯಾಕ್‌ಸ್ಟಾಪ್ ಷರತ್ತು ಬೇಡ ಅನ್ನುವವರಿಗೆ, ಅದರ ಬದಲು ಏನು ಅನ್ನುವುದು ಗೊತ್ತಿಲ್ಲ. ಅವರಿಗೆ ಗೊತ್ತಾಗುವವರೆಗೆ ನಿಮ್ಮ ಪಾರ್ಸಲ್ ನಡುದಾರಿಯಲ್ಲಿ ನಿಲ್ಲುವುದು ನಮಗೆ ಇಷ್ಟ ಇಲ್ಲ. ರಾಟರ್‌ಡ್ಯಾಮ್‌ನ ವ್ಯಾಪಾರಿ ಡಬ್ಲಿನ್‌ಗೆ ನೇರವಾಗಿ ಕಳಿಸಲು ಒಪ್ಪಿದ್ದಾರೆ, ಅವರ ವಿವರ ನಿಮಗೆ ಬೇರೆಯಾಗಿ ಕಳಿಸುತ್ತೇವೆ. ಗ್ರಾಹಕರನ್ನು ಕೈಯಾರೆ ಇನ್ನೊಬ್ಬರಿಗೆ ಒಪ್ಪಿಸುವುದು ಯಾವ ಅಂಗಡಿಯವನಿಗೂ ಖುಷಿಯ ಕೆಲಸ ಅಲ್ಲ.

ಹೊಸ ಪದ್ಧತಿಯಿಂದ ನಿಮಗೆ ಒಂದು ಲಾಭವೂ ಇದೆ. ಗೋದಾಮಿನಲ್ಲಿ ಮಲಗಿದ ಸಾಮಾನು ಬರುವುದಿಲ್ಲ. ಕೇಳಿದ್ದನ್ನೇ ತರಿಸುವುದರಿಂದ ರಾಗಿ ಹಿಟ್ಟು, ಜೋಳದ ಹಿಟ್ಟು ತಾಜಾ ಇರುತ್ತವೆ. ನೀವು ಅರ್ಧ ಹಣ ಕಟ್ಟಿದ ಮೇಲೆ ಬಂದರಿನಲ್ಲಿ ಏನೇ ಆಗಲಿ, ಆ ಆರ್ಡರಿನ ಬೆಲೆ ಒಂದು ಪೆನ್ನಿಯೂ ಏರುವುದಿಲ್ಲ. ಸಾಮಾನು ಬರದಿದ್ದರೆ ಹಣ ಪೂರ್ತಿ ವಾಪಸ್. ಕೈಕಟ್ಟು ಇರುವವರು, ವಿದ್ಯಾರ್ಥಿಗಳು ಮುಂಗಡದ ಬಗ್ಗೆ ಮುಜುಗರ ಪಡಬೇಡಿ, ಒಂದು ಮಾತು ಹೇಳಿ, ಹೊಂದಿಸಿಕೊಳ್ಳೋಣ. ವಯಸ್ಸಾದ ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ತಿಂಗಳ ನಡುವೆ ಏನೋ ಬೇಕಾಯಿತು ಅಂದರೆ, ಮೊದಲಿನ ಹಾಗೇ ಫೋನ್ ಮಾಡಿ. ಇದ್ದರೆ ಕೊಡುತ್ತೇವೆ.

ಮಾವಿನ ಹಣ್ಣು ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ವಿಮಾನದಲ್ಲಿ ನೇರ ಹೀಥ್ರೋಗೆ ಬರುತ್ತದೆ, ರಾಟರ್‌ಡ್ಯಾಮ್ ಹಂಗಿಲ್ಲ. ಬಂದ ದಿನ ಮೆಸೇಜ್ ಹಾಕುತ್ತೇವೆ.

ಮೇ ತಿಂಗಳ ಆರ್ಡರ್ ಫಾರಂ ಈ ಪತ್ರದ ಜೊತೆಗೇ ಇದೆ. ಮೊದಲ ತಿಂಗಳು ಆದ್ದರಿಂದ 10ರ ಬದಲು 12ರವರೆಗೆ ತೆಗೆದುಕೊಳ್ಳುತ್ತೇವೆ. ಯುಗಾದಿ ಪೆಟ್ಟಿಗೆಯ ಹಣದಲ್ಲಿ ಬಾಕಿ ಉಳಿದಿದ್ದರೆ ಅದನ್ನು ಮುಂಗಡಕ್ಕೆ ಮುರಿದುಕೊಂಡಿದ್ದೇವೆ, ಫಾರಮ್ಮಿನ ಕೆಳಗೆ ಬರೆದಿದೆ, ನೋಡಿಕೊಳ್ಳಿ.

ನಿಮ್ಮ ವಿಶ್ವಾಸಿಗಳು,
ಅಂಗಡಿಯವರು