ನಗಿಸೋ ಕೆಲಸ ಬಿಟ್ಟು ಬರಬೇಡ

ಪ್ರೀತಿಯ ತಂಗಿಗೆ,

ನಿನ್ನ ಪತ್ರ ಓದಿದೆ. ಟಿವಿಯ ಕಾಮಿಡಿ ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದೀಯ. ಈಗ ಸಿನಿಮಾ ಬರೆಯೋ ಆಸೆ. ಆದರೆ ಯಾರ ಹತ್ತಿರ ಹೋದರೂ ‘ನೀವು ಕಾಮಿಡಿ ಬರೆಯೋರಲ್ವಾ’ ಅಂತ ಕಳಿಸಿಬಿಡುತ್ತಾರೆ. ಹಾಗಾಗಿ ಧಾರಾವಾಹಿ ಬಿಟ್ಟು, ಒಂದೆರಡು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದು, ಆಮೇಲೆ ಗಂಭೀರ ಬರಹಗಾರ್ತಿಯಾಗಿ ಬರಲಾ ಅಂತ ಕೇಳಿದ್ದೀಯ.

ಬೇಡ. ಯಾಕೆ ಅಂತ ಹೇಳೋಕೆ ಸ್ಪೇನಿನ ನಟ, ನಿರ್ದೇಶಕ ಪಾಕೊ ಲಿಯೋನ್ ಅವರ ವಿಷಯ ಬರೆಯುತ್ತೇನೆ. ನಿನ್ನ ಪ್ರಶ್ನೆಗೆ ಅವರ ಕೆಲಸಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಅವರು ಸೆವಿಯಾ ಊರಿನವರು, 1974ರಲ್ಲಿ ಹುಟ್ಟಿದವರು. ಮೊದಲು ಜನರ ಗಮನ ಸೆಳೆದದ್ದು ‘ಹೋಮೋ ಜ್ಯಾಪಿಂಗ್’ ಅನ್ನೋ ಕಾರ್ಯಕ್ರಮದಲ್ಲಿ. ಟಿವಿ ನಿರೂಪಕಿಯರ ವೇಷ ಹಾಕಿ ಅವರ ಮಾತು, ನಗು, ಕೈ ಆಡಿಸೋ ರೀತಿ ಎಲ್ಲವನ್ನೂ ಅನುಕರಿಸುತ್ತಿದ್ದರು. 2005ರಲ್ಲಿ ತೆಲೆಸಿಂಕೊ ಚಾನೆಲ್‌ನಲ್ಲಿ ‘ಐದಾ’ ಶುರುವಾಯಿತು. ಮದ್ರಿದ್‌ನ ಒಂದು ಬಡ ಬಡಾವಣೆಯ ಕಥೆ. ಅದರಲ್ಲಿ ನಾಯಕಿಯ ತಮ್ಮ ಲುಯಿಸ್ಮಾ ಇವರ ಪಾತ್ರ. ಮಾದಕ ವ್ಯಸನದಿಂದ ಹೊರಬಂದವನು, ಬುದ್ಧಿ ಸ್ವಲ್ಪ ನಿಧಾನ, ಮನಸ್ಸು ಮಾತ್ರ ತುಂಬ ಒಳ್ಳೆಯದು. ಆ ಧಾರಾವಾಹಿ 2014ರವರೆಗೆ ನಡೆಯಿತು. ಅಷ್ಟೂ ವರ್ಷ ಸ್ಪೇನಿನ ಜನಕ್ಕೆ ಅವರು ಲುಯಿಸ್ಮಾನೇ.

ಈಗ ವರ್ಷ ಗಮನಿಸು. ಅವರ ಮೊದಲ ಸಿನಿಮಾ ‘ಕಾರ್ಮಿನಾ ಒ ರೆವಿಯೆಂತಾ’ ಬಂದದ್ದು 2012ರಲ್ಲಿ. ಅಂದರೆ ಲುಯಿಸ್ಮಾ ಇನ್ನೂ ಟಿವಿಯಲ್ಲಿ ಇದ್ದಾಗಲೇ. ಅವರು ಧಾರಾವಾಹಿ ಬಿಟ್ಟು ಬರಲಿಲ್ಲ, ಹೆಸರು ಮರೆಯಾಗಲಿ ಅಂತ ಕಾಯಲಿಲ್ಲ. ಟಿವಿಯಲ್ಲಿ ದುಡಿದ ಹಣ ಹಾಕಿ, ತೀರಾ ಕಡಿಮೆ ಖರ್ಚಿನಲ್ಲಿ ಸಿನಿಮಾ ಮಾಡಿದರು. ನಾಯಕಿ ಯಾರು ಗೊತ್ತಾ? ಅವರ ಅಮ್ಮ ಕಾರ್ಮಿನಾ ಬಾರಿಯೋಸ್. ಅಲ್ಲಿಯವರೆಗೆ ಸಿನಿಮಾದಲ್ಲಿ ನಟಿಸಿದವರಲ್ಲ. ಮಗಳಾಗಿ ನಟಿಸಿದ್ದು ಪಾಕೊ ಅವರ ತಂಗಿ ಮಾರಿಯಾ ಲಿಯೋನ್.

ಕಥೆ ಹೀಗಿದೆ. ಸೆವಿಯಾ ಕಡೆ ಹಂದಿಮಾಂಸದ ಪದಾರ್ಥ ಮಾರೋ ಅಂಗಡಿ-ಹೋಟೆಲ್ ನಡೆಸುವ ಹೆಂಗಸು. ಮೇಲಿಂದ ಮೇಲೆ ಕಳ್ಳತನ ಆಗುತ್ತೆ. ವಿಮೆ ಕಂಪನಿ ಹಣ ಕೊಡೋದಿಲ್ಲ. ಆ ಹಣ ವಾಪಸ್ ಪಡೆಯೋಕೆ ಅವಳೇ ಒಂದು ಉಪಾಯ ಹೂಡುತ್ತಾಳೆ. ಆಮೇಲೆ ಅಡುಗೆಮನೆಯಲ್ಲಿ ಕೂತು ತನ್ನ ಬದುಕಿನ ಬಗ್ಗೆ ಮಾತಾಡುತ್ತಾಳೆ. ಸಾಕ್ಷ್ಯಚಿತ್ರವೋ ಕಟ್ಟುಕಥೆಯೋ ಅಂತ ನೋಡುವವರಿಗೆ ಬೇಗ ತಿಳಿಯೋದಿಲ್ಲ.

ನಾನು ನಿನಗೆ ತೋರಿಸಬೇಕಾದದ್ದು ಈ ಅಡುಗೆಮನೆಯ ಮಾತನ್ನೇ. ಧಾರಾವಾಹಿಯಲ್ಲಿ ಮೂರು ಸಾಲಿಗೊಮ್ಮೆ ನಗು ಬರಲೇಬೇಕು, ನಿನಗೆ ಅದು ಚೆನ್ನಾಗಿ ಗೊತ್ತು. ಪಾಕೊ ಕೂಡ ವರ್ಷಗಟ್ಟಲೆ ಅದನ್ನೇ ಮಾಡಿದವರು. ಈ ಸಿನಿಮಾದಲ್ಲಿ ಅಮ್ಮ ಮಾತಾಡುವಾಗ ಅವರು ಆ ಲೆಕ್ಕ ಬಿಟ್ಟುಬಿಡುತ್ತಾರೆ. ಮಾತು ಎಲ್ಲೆಲ್ಲೋ ಹೋಗುತ್ತೆ. ನಗು ತಾನಾಗಿ ಬಂದರೆ ಬರುತ್ತೆ, ಇಲ್ಲದಿದ್ದರೆ ಇಲ್ಲ. ನಾವು ನಗುತ್ತಾ ಇರುವಾಗಲೇ ಆ ಹೆಂಗಸಿನ ಸುಸ್ತು ಕಾಣುತ್ತೆ. ನಗು ಎಲ್ಲಿ ಬರುತ್ತೆ ಅಂತ ಖಚಿತವಾಗಿ ಗೊತ್ತಿರುವವರಿಗೆ ಮಾತ್ರ ಅದನ್ನು ಎಲ್ಲಿ ತಡೆಯಬೇಕು ಅಂತಲೂ ಗೊತ್ತಾಗುತ್ತೆ. ನೀನು ಬಿಟ್ಟುಬಿಡಬೇಕು ಅಂದುಕೊಂಡಿರೋ ಆ ಕೆಲಸವೇ ನಿನಗೆ ಇದನ್ನು ಕಲಿಸಿದೆ.

ಇನ್ನೊಂದು ವಿಷಯ. ‘ಐದಾ’ದಲ್ಲಿ ಇದ್ದವರು ಬಡವರು, ಕೆಲಸ ಇಲ್ಲದವರು, ಸಾಲ ಮಾಡಿದವರು. ‘ಕಾರ್ಮಿನಾ’ದಲ್ಲಿ ಇರುವವರೂ ಅವರೇ. ಲುಯಿಸ್ಮಾನ ಮೇಲಿದ್ದ ಪ್ರೀತಿಯನ್ನೇ ಅವರು ಕಾರ್ಮಿನಾ ಕಡೆಗೂ ತಂದರು. 2012 ಸ್ಪೇನಿಗೆ ಕೆಟ್ಟ ಕಾಲ. ಕೆಲಸ ಹುಡುಕುವವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಅಂಥ ಹೊತ್ತಿನಲ್ಲಿ ಬಡವರ ಮೇಲೆ ಭಾಷಣ ಬರೆಯೋದು ಸುಲಭ. ಅವರು ಬಡವರ ಜಾಣತನ ತೋರಿಸಿದರು, ಸುಳ್ಳು ಮೋಸ ಎಲ್ಲ ಸೇರಿಸಿಯೇ ತೋರಿಸಿದರು. ಇದು ದೊಡ್ಡ ಗೌರವ ಅಂತ ನನಗನ್ನಿಸುತ್ತೆ.

ಬಿಡುಗಡೆಯ ರೀತಿಯೂ ಬೇರೆಯೇ. ಚಿತ್ರಮಂದಿರ, ಡಿವಿಡಿ, ಆನ್‌ಲೈನ್ ಮೂರರಲ್ಲೂ ಒಂದೇ ದಿನ ತಂದರು. ಡಿವಿಡಿಗೆ 6 ಯೂರೊಗಿಂತ ಕಡಿಮೆ, ಆನ್‌ಲೈನ್‌ನಲ್ಲಿ 2 ಯೂರೊಗಿಂತ ಕಡಿಮೆ. ದೊಡ್ಡ ಚಿತ್ರಮಂದಿರದವರಿಗೆ ಇದು ಹಿಡಿಸಲಿಲ್ಲ, ಕೆಲವೇ ಪರದೆಗಳು ಸಿಕ್ಕವು. ಆದರೂ ಜನ ನೋಡಿದರು. ಮಾಲಗಾ ಚಿತ್ರೋತ್ಸವದಲ್ಲಿ ಅಮ್ಮನಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಪಾಕೊ ಅವರ ಹೆಸರು ಸ್ಪೇನಿನ ದೊಡ್ಡ ಸಿನಿಮಾ ಪ್ರಶಸ್ತಿಯಾದ ಗೋಯಾದ ಹೊಸ ನಿರ್ದೇಶಕರ ಪಟ್ಟಿಗೆ ಹೋಯಿತು, ಪ್ರಶಸ್ತಿ ಬೇರೆಯವರಿಗೆ ಸಿಕ್ಕಿತು.

ನಿನಗೆ ಒಂದೇ ಒಂದು ಸಿನಿಮಾ ನೋಡೋಕೆ ಸಮಯ ಇದ್ದರೆ 2014ರ ‘ಕಾರ್ಮಿನಾ ಇ ಆಮೆನ್’ ನೋಡು. ಕಾರ್ಮಿನಾಳ ಗಂಡ ಮನೆಯಲ್ಲೇ ತೀರಿಕೊಳ್ಳುತ್ತಾನೆ. ಎರಡು ದಿನ ಕಳೆದರೆ ಅವನ ಹೆಚ್ಚುವರಿ ಸಂಬಳ ಬರುತ್ತೆ. ಸ್ಪೇನಿನಲ್ಲಿ ಬೇಸಿಗೆಗೂ ಕ್ರಿಸ್‌ಮಸ್‌ಗೂ ಹೀಗೆ ಮಾಮೂಲಿಗಿಂತ ಜಾಸ್ತಿ ಒಂದು ಸಂಬಳ ಕೊಡೋ ಪದ್ಧತಿ ಇದೆ. ಆ ಹಣ ಬರೋವರೆಗೆ ಸಾವಿನ ಸುದ್ದಿ ಯಾರಿಗೂ ಹೇಳೋದು ಬೇಡ ಅಂತ ಹೆಂಡತಿ ಮಗಳನ್ನು ಒಪ್ಪಿಸುತ್ತಾಳೆ. ಹೆಣ ಮನೆಯೊಳಗೆ, ಅಕ್ಕಪಕ್ಕದವರು ಬಂದು ಹೋಗ್ತಾನೇ ಇರುತ್ತಾರೆ. ದುಃಖ, ಹಣದ ಚಿಂತೆ, ನಗು ಮೂರೂ ಒಂದೇ ಕೋಣೆಯಲ್ಲಿ ಕೂತಿವೆ. ಕಾಮಿಡಿ ಗೊತ್ತಿಲ್ಲದವರು ಈ ಕಥೆ ಬರೆದಿದ್ದರೆ ಒಂದೋ ಅಸಹ್ಯ ಆಗುತ್ತಿತ್ತು, ಇಲ್ಲವೇ ಬರೀ ಗೋಳು.

2016ರ ‘ಕಿಕಿ’ ಆಸ್ಟ್ರೇಲಿಯಾದ ಒಂದು ಸಿನಿಮಾದ ಕಥೆಯನ್ನು ಮದ್ರಿದ್‌ಗೆ ತಂದದ್ದು. ಜನ ಇಷ್ಟಪಟ್ಟರು, ನನಗೆ ಕಾರ್ಮಿನಾ ಸಿನಿಮಾಗಳಷ್ಟು ಹಿಡಿಸಲಿಲ್ಲ. 2018ರ ‘ಆರ್ದೆ ಮದ್ರಿದ್’ ಸರಣಿಯಲ್ಲಿ ಅವರು ಮತ್ತೆ ತಮ್ಮ ಜಾಗಕ್ಕೆ ಬಂದರು. ಅನ್ನಾ ಆರ್. ಕೋಸ್ತಾ ಅವರ ಜೊತೆ ಸೇರಿ, ಪೂರ್ತಿ ಕಪ್ಪು-ಬಿಳುಪಿನಲ್ಲಿ ಮಾಡಿದ್ದು. ಸರ್ವಾಧಿಕಾರಿ ಫ್ರಾಂಕೊ ಕಾಲದ ಮದ್ರಿದ್‌ನಲ್ಲಿ ಹಾಲಿವುಡ್ ನಟಿ ಆವಾ ಗಾರ್ಡ್ನರ್ ಇದ್ದರು, ಅದೇ ಕಟ್ಟಡದಲ್ಲಿ ದೇಶ ಬಿಟ್ಟು ಬಂದ ಅರ್ಜೆಂಟೀನಾದ ಮಾಜಿ ಅಧ್ಯಕ್ಷ ಪೆರೊನ್. ಇಷ್ಟು ದೊಡ್ಡ ಹೆಸರುಗಳು ಸಿಕ್ಕರೂ ಕಥೆ ಹೇಳಿದ್ದು ಮನೆಗೆಲಸದವರ ಕಡೆಯಿಂದ. ಆವಾ ಮನೆಯ ಡ್ರೈವರ್ ಪಾತ್ರ ಮಾಡಿದ್ದು ಪಾಕೊ ಅವರೇ.

ಈಗ ನಿನ್ನ ಕೆಲಸಕ್ಕೆ ಬರೋಣ. ಧಾರಾವಾಹಿಯಲ್ಲಿ ನೀನು ಬರೆದ ಆ ಅಂಗಡಿ ಅತ್ತೆ ಇದ್ದಾಳಲ್ಲ, ವಾರಕ್ಕೊಮ್ಮೆ ಬಂದು ಎರಡು ಮಾತಾಡಿ ಹೋಗುವವಳು, ಅವಳೇ ನಿನ್ನ ಸಿನಿಮಾ. ಅವಳನ್ನು ಒಂದು ರಾತ್ರಿ ಪೂರ್ತಿ ಮಾತಾಡಿಸು. ಹತ್ತಿಪ್ಪತ್ತು ಪುಟ ಬರಲಿ, ನಗೆಮಾತು ಹುಡುಕಬೇಡ. ಆಮೇಲೆ ಗಟ್ಟಿಯಾಗಿ ಓದು. ಎಲ್ಲಿ ನೀನು ಅಭ್ಯಾಸದಿಂದ ನಗು ತುರುಕಿದ್ದೀಯೋ ಅಲ್ಲಿ ನಿನ್ನ ನಾಲಿಗೆಯೇ ಎಡವುತ್ತೆ, ಆ ಸಾಲು ತೆಗೆ. ನಿಜವಾಗಿ ನಗು ಬಂದ ಕಡೆ ಮುಟ್ಟಬೇಡ.

ಆ ಅತ್ತೆ ನಿನ್ನ ಮನೆಯವರನ್ನೇ ನೋಡಿ ಬರೆದದ್ದು ಅಂತ ನೀನು ಹೇಳಿದ್ದೆ. ಹಾಗಿದ್ದರೆ ಮೊದಲು ಅವರಿಗೇ ಓದಿ ಹೇಳು. ಕಾರ್ಮಿನಾ ಬಾರಿಯೋಸ್ ತಾವೇ ಕ್ಯಾಮೆರಾ ಮುಂದೆ ನಿಂತರು, ತಮ್ಮ ಬದುಕಿನಲ್ಲಿ ಏನು ತೋರಿಸಬೇಕು ಅಂತ ಅವರಿಗೆ ಗೊತ್ತಿತ್ತು. ನಿನ್ನವರಿಗೂ ಅಷ್ಟು ಹಕ್ಕಿದೆ. ಬೇಡ ಅಂದರೆ ಊರು, ಕೆಲಸ, ಹೆಸರು ಬದಲಿಸಿ ಬೇರೆ ಹೆಂಗಸನ್ನೇ ಕಟ್ಟು. ಧಾರಾವಾಹಿಯ ಕೆಲಸ ಮಾತ್ರ ಮುಂದುವರಿಸು. ಮನೆ ಬಾಡಿಗೆಗೂ ಅದು ಬೇಕು, ಈ ಬರವಣಿಗೆಗೂ ಬೇಕು.

ನಿನ್ನ ಅಣ್ಣ