ರಸ್ತೆ ಅಗಲ ಬೇಡ, ಅಂಚು ಸರಿಯಾಗಲಿ: ಗೆಳೆಯನಿಗೊಂದು ಪತ್ರ

ಮಡಿಕೇರಿ
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನ್ ಇಟ್ಟ ಮೇಲೂ ನಿನ್ನ ಮಾತು ತಲೆಯಲ್ಲೇ ಉಳಿಯಿತು. "ಗುಡ್ಡದ ಊರಲ್ಲಿ ಈಗ ಯಾರು ನಡೀತಾರೆ, ಯಾರು ಸೈಕಲ್ ತುಳೀತಾರೆ? ಫುಟ್‌ಪಾತ್ ಸರಿಮಾಡಿಸೋಕೆ ಯಾಕೆ ಇಷ್ಟು ಓಡಾಡ್ತೀಯಾ?" ಅಂದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಯಾರು ನಡೀತಾರೆ ಅಂತ ನೋಡಬೇಕಾದರೆ ಒಂದು ಶುಕ್ರವಾರ ಬಾ. ಸಂತೆ ದಿನ. ಸುತ್ತಲಿನ ತೋಟಗಳ ಕಾರ್ಮಿಕರ ಲೈನ್ ಮನೆಗಳಿಂದ ಬಂದವರು ಬಸ್ ಇಳಿದ ಕೂಡಲೇ ನಡೆಯುವವರೇ. ಕಂಕುಳಲ್ಲಿ ಮಗು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕೊಡೆ. ನಮ್ಮದು ರೈಲಿಲ್ಲದ ಜಿಲ್ಲೆ. ಬಸ್ಸು ಬಿಟ್ಟರೆ ಕಾಲೇ ಗತಿ. ಅದೇ ರಸ್ತೆಯಲ್ಲಿ ಶನಿವಾರ, ಭಾನುವಾರ ರಾಜಾಸೀಟಿಗೆ, ಅಬ್ಬಿ ಜಲಪಾತಕ್ಕೆ ಹೋಗುವ ಕಾರುಗಳ ಸಾಲು ಬೇರೆ. ನಡೆಯುವವರು ಕಡಿಮೆಯಾಗಿಲ್ಲ ಮಾರಾಯ, ನಡೆಯುವ ಜಾಗ ಕಡಿಮೆಯಾಗಿದೆ ಅಷ್ಟೇ.

ಅಮ್ಮ ಬಿದ್ದ ವಿಷಯ ನಿನಗೆ ಅರ್ಧ ಮಾತ್ರ ಹೇಳಿದ್ದೆ. ಹೋದ ಮಳೆಗಾಲ, ಸಂಜೆ ಹೊತ್ತು. ಮಂಜು ಕವಿದಿತ್ತು. ಮಹದೇವಪೇಟೆಯಿಂದ ಸಾಮಾನು ತಗೊಂಡು ಚರಂಡಿ ಮೇಲಿನ ಚಪ್ಪಡಿಗಳ ಮೇಲೆ ಬರುತ್ತಿದ್ದಳು. ನಮ್ಮಲ್ಲಿ ಫುಟ್‌ಪಾತ್ ಅಂದರೆ ಹೆಚ್ಚು ಕಡೆ ಅದೇ ಅಲ್ವಾ, ಚರಂಡಿಗೆ ಮುಚ್ಚಿದ ಚಪ್ಪಡಿ. ಒಂದು ಕಡೆ ಚಪ್ಪಡಿ ಇರಲಿಲ್ಲ. ಮಳೆನೀರು ಅಂಚಿನವರೆಗೂ ತುಂಬಿ ಹರಿಯುತ್ತಿತ್ತು, ತೂತು ಕಾಣಲಿಲ್ಲ. ಎಡಗಾಲು ಮೊಣಕಾಲಿನವರೆಗೂ ಒಳಗೆ ಹೋಯಿತು. ಪಕ್ಕದ ಚಪ್ಪಡಿಯಿಂದ ಹೊರಗೆ ಬಂದಿದ್ದ ತುಕ್ಕು ಹಿಡಿದ ಕಬ್ಬಿಣದ ಸರಳು ಮೀನಖಂಡವನ್ನು ಸೀಳಿತು. ಯಾರೋ ಇಬ್ಬರು ಹುಡುಗರು ಎತ್ತಿ ಕೂರಿಸಿದರಂತೆ. ನಾನು ಓಡಿ ಹೋದಾಗ ಅವಳು ಒಂದು ಅಂಗಡಿ ಮೆಟ್ಟಿಲ ಮೇಲೆ ಕೂತು, ರಕ್ತ ಕಾಣದ ಹಾಗೆ ಸೀರೆ ಸೆರಗನ್ನು ಕಾಲಿಗೆ ಒತ್ತಿ ಹಿಡಿದಿದ್ದಳು. "ನಾನು ನೋಡ್ಕೊಂಡು ನಡೀಬೇಕಿತ್ತು" ಅಂದಳು. ಆ ಮಾತು ಗಾಯಕ್ಕಿಂತ ಜಾಸ್ತಿ ನೋವು ಕೊಟ್ಟಿತು ನನಗೆ. ತಪ್ಪು ಅವಳದ್ದು ಅಂತ ಅವಳೇ ನಂಬಿಬಿಟ್ಟಿದ್ದಾಳೆ.

ಗಾಯ ಮಾಗಿದ ಮೇಲೆ ನಾವು ಐದು ಜನ ಸೇರಿಕೊಂಡೆವು. ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ಟೇಪು, ಸೀಮೆಸುಣ್ಣ, ನೋಟ್‌ಬುಕ್ ಹಿಡಿದು ಹೊರಟೆವು. ಮುರಿದ ಚಪ್ಪಡಿ ಸಿಕ್ಕಲ್ಲೆಲ್ಲ ಸುತ್ತ ಬಿಳಿ ಗೆರೆ ಎಳೆಯುವುದು, ಅಗಲ ಅಳೆಯುವುದು, ಬರೆದುಕೊಳ್ಳುವುದು. ನಮ್ಮ ರಸ್ತೆ ಒಂದಕ್ಕೇ ಒಂದು ಪುಟ ಸಾಲದೆ ಹಾಳೆ ತಿರುಗಿಸಿದೆವು. ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಖಾಲಿ ಜಾಗ ಇರಬೇಕು ಅನ್ನುತ್ತದೆ ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ ಕಾಂಗ್ರೆಸ್. ಹೆಚ್ಚುಕಮ್ಮಿ ಆರು ಅಡಿ. ನಮಗೆ ಸಿಕ್ಕಿದ್ದು ಎರಡೂವರೆ ಅಡಿ, ಅದರಲ್ಲೂ ನಡುವೆ ಒಂದು ವಿದ್ಯುತ್ ಕಂಬ.

ಅವತ್ತು ನಡೆದದ್ದೊಂದು ಹೇಳಲೇಬೇಕು. ನಾವು ಟೇಪು ಎಳೆದ ತಕ್ಷಣ ಒಬ್ಬ ವಯಸ್ಸಾದ ಅಂಗಡಿಯವರು ಬಾಗಿಲು ಅರ್ಧ ಎತ್ತಿದ್ದ ಹಾಗೇ ಬಿಟ್ಟು ಓಡಿ ಬಂದರು. "ರಸ್ತೆ ಅಗಲ ಮಾಡ್ತಾರಾ? ನನ್ನ ಅಂಗಡಿ ಎಷ್ಟು ಹೋಗುತ್ತೆ?" ಧ್ವನಿ ನಡುಗುತ್ತಿತ್ತು. ಇಲ್ಲ, ನಡೆಯೋರಿಗೋಸ್ಕರ ಅಳೀತಾ ಇದ್ದೇವೆ ಅಂದರೆ ಒಂದು ನಿಮಿಷ ನಂಬಲೇ ಇಲ್ಲ. ಊರಲ್ಲಿ ಟೇಪು ಹಿಡಿದು ಯಾರಾದರೂ ಬಂದರೆ ಅದು ಕಾರಿಗಾಗಿಯೇ ಅನ್ನುವುದು ಎಲ್ಲರ ಮನಸ್ಸಿನಲ್ಲೂ ಕೂತುಬಿಟ್ಟಿದೆ. ಆಮೇಲೆ ಅವರೇ ಕರೆದುಕೊಂಡು ಹೋಗಿ ತಮ್ಮ ಅಂಗಡಿ ಮುಂದಿನ ತೂತಿಗೆ ತಾವೇ ಹಾಕಿದ್ದ ಹಲಗೆ ತೋರಿಸಿದರು. ಚಪ್ಪಡಿ ಯಾಕೆ ಇಲ್ಲ ಅನ್ನುವುದಕ್ಕೂ ಅವರ ಹತ್ತಿರವೇ ಉತ್ತರ ಇತ್ತು. ಮಳೆಗೆ ಮುಂಚೆ ಚರಂಡಿ ಕಸ ತೆಗೆಯಲು ಎತ್ತುತ್ತಾರೆ. ಒಂದೊಂದೂ ನಾಲ್ಕು ಜನ ಎತ್ತುವಷ್ಟು ಭಾರ, ಹಿಡಿಕೆ ಇಲ್ಲ. ಎತ್ತುವಾಗಲೇ ಕೆಲವು ಒಡೆಯುತ್ತವೆ, ಉಳಿದದ್ದನ್ನು ಬದಿಗಿಟ್ಟು ಹೋಗುತ್ತಾರೆ. ಚಿಕ್ಕ ಚಪ್ಪಡಿ, ಎರಡು ಬದಿ ಕಬ್ಬಿಣದ ಹಿಡಿಕೆ ಇದ್ದರೆ ಇಬ್ಬರೇ ಎತ್ತಿ ಇಬ್ಬರೇ ಮುಚ್ಚಬಹುದು. ನಮ್ಮ ಅರ್ಜಿಯ ಮೊದಲ ಸಾಲು ಇದೇ ಆಯಿತು.

ಅಗಲ ಮಾಡಿ ಅಂತ ನಾವು ಕೇಳುತ್ತಿಲ್ಲ. ಗುಡ್ಡದ ಊರಲ್ಲಿ ರಸ್ತೆ ಅಗಲ ಮಾಡುವುದು ಅಂದರೆ ಒಂದೋ ಮನೆ ಒಡೆಯಬೇಕು, ಇಲ್ಲವೇ ಗುಡ್ಡ ಕಡಿಯಬೇಕು. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡಗಳು ಕುಸಿದದ್ದನ್ನು ನಾವಿಬ್ಬರೂ ಮರೆತಿಲ್ಲ. ಗುಡ್ಡ ಕಡಿದದ್ದೂ ಕುಸಿತಕ್ಕೆ ಒಂದು ಕಾರಣ ಅಂತ ಭೂವಿಜ್ಞಾನಿಗಳೇ ಹೇಳಿದರು. ಅಷ್ಟು ಮಾಡಿ ಅಗಲವಾದ ರಸ್ತೆಯಲ್ಲಿ ಗಾಡಿಗಳು ಇನ್ನೂ ಜೋರಾಗಿ ಬರುತ್ತವೆ. ಕಾರು 50 ಕಿ.ಮೀ. ವೇಗದಲ್ಲಿ ಗುದ್ದುವುದಕ್ಕೂ 65ರಲ್ಲಿ ಗುದ್ದುವುದಕ್ಕೂ ನಡೆಯುವವರ ಜೀವ ಹೋಗುವ ಅಪಾಯ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜನ ಮತ್ತು ಗಾಡಿ ಬೆರೆಯುವ ಕಡೆ ವೇಗ ಮೂವತ್ತು ದಾಟಬಾರದು ಅಂತ ರಸ್ತೆ ಸುರಕ್ಷತೆಯ ಬಗ್ಗೆ ದೇಶಗಳು ಒಪ್ಪಿದ 2020ರ ಸ್ಟಾಕ್‌ಹೋಮ್ ಘೋಷಣೆಯಲ್ಲೇ ಇದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825. ಅಂಕಿ ಓದಿದಾಗ ನನಗೆ ಕಂಡದ್ದು ಅಮ್ಮನ ಕಾಲು.

ಬೇರೆ ಗುಡ್ಡದ ಊರುಗಳು ನಡೆಯುವವರಿಗೆ ಜಾಗ ಕೊಟ್ಟು ತೋರಿಸಿವೆ. ಶಿಮ್ಲಾದ ಮಾಲ್ ರೋಡಿನಲ್ಲಿ ಜನ ನಡೆದೇ ಓಡಾಡುತ್ತಾರೆ. ಅಲ್ಲಿ ರಸ್ತೆ ಬಳಸುವವರ, ಪಾದಚಾರಿಗಳ ಸುರಕ್ಷತೆಗೆಂದೇ 2007ರಲ್ಲಿ ಕಾನೂನು ಮಾಡಿದರು. ಗ್ಯಾಂಗ್ಟಕ್‌ನ ಎಂ.ಜಿ. ಮಾರ್ಗದಲ್ಲೂ ಗಾಡಿ ಬಿಡುವುದಿಲ್ಲ, ಪ್ರವಾಸಿಗರು ನಡೆಯುವುದಕ್ಕೆಂದೇ ಅಲ್ಲಿಗೆ ಹೋಗುತ್ತಾರೆ. ದಸರಾ ರಾತ್ರಿ ದೇವಸ್ಥಾನಗಳ ಮಂಟಪಗಳು ಮೆರವಣಿಗೆ ಹೊರಟಾಗ ನಮ್ಮ ಊರೂ ಬೆಳಗಿನವರೆಗೆ ನಡೆಯುವವರದ್ದೇ ಆಗುತ್ತದಲ್ಲ, ನೆನಪಿದೆಯಾ? ಚೌಕಿ ವೃತ್ತದ ನಟ್ಟನಡುವೆ ನಾವು ನೆಲದ ಮೇಲೆ ಕೂತು ಕಡಲೆಕಾಯಿ ತಿಂದದ್ದು?

ಅರ್ಜಿಯ ಕಥೆ ಚಿಕ್ಕದಾಗಿ ಹೇಳುತ್ತೇನೆ. ಒಂದು ಕಚೇರಿಯವರು ರಸ್ತೆ ನಮ್ಮದಲ್ಲ ಅಂದರು, ಇನ್ನೊಂದು ಕಚೇರಿಯವರು ಚರಂಡಿ ನಮ್ಮದಲ್ಲ ಅಂದರು. ಮೂರು ಸಲ ಅಲೆದ ಮೇಲೆ ಅರ್ಜಿ ಜೊತೆ ಸುಪ್ರೀಂ ಕೋರ್ಟಿನ ಮಾತನ್ನೂ ಸೇರಿಸಿದೆವು. ಒಳ್ಳೆಯ ಫುಟ್‌ಪಾತ್ ಇರುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ, ಅಂಗವಿಕಲರೂ ಅದನ್ನು ಬಳಸುವ ಹಾಗಿರಬೇಕು ಅಂತ 2025ರ ಮೇ ತಿಂಗಳಲ್ಲಿ ಕೋರ್ಟ್ ಹೇಳಿದೆ. ಆ ಕೇಸು ಹಾಕಿದವರು ಕೊಯಮತ್ತೂರಿನ ಮೂಳೆ ವೈದ್ಯರು, ಡಾ. ಎಸ್. ರಾಜಶೇಖರನ್. 2012ರಲ್ಲೇ ಹಾಕಿದ್ದು. ಒಬ್ಬ ಡಾಕ್ಟರು ಅಷ್ಟು ವರ್ಷ ಕಾದಿದ್ದಾರೆ ಅಂದಮೇಲೆ ನಾವು ಮೂರು ಸಲಕ್ಕೆ ಸುಸ್ತಾಗಬಾರದು ಅನಿಸಿತು. ಕೊನೆಗೆ ಒಬ್ಬ ಇಂಜಿನಿಯರ್ ನಮ್ಮ ಜೊತೆ ನಡೆದು ನೋಡಿದರು. ಅಮ್ಮ ಬಿದ್ದ ಜಾಗಕ್ಕೂ ಅದರ ಅಕ್ಕಪಕ್ಕಕ್ಕೂ ಹಿಡಿಕೆ ಇರುವ ಹೊಸ ಚಪ್ಪಡಿ ಬಂದಿದೆ. ನಾಲ್ಕೇ ನಾಲ್ಕು. ನನಗೆ ತುಂಬಾ ಸಂತೋಷವಾಯಿತು.

ಇನ್ನು ಸೈಕಲ್ ವಿಷಯ. ಮಡಿಕೇರಿಯ ಏರಿನಲ್ಲಿ ಕಷ್ಟ, ಒಪ್ಪುತ್ತೇನೆ. ಆದರೆ ನಿನ್ನ ಕುಶಾಲನಗರ ಸಪಾಟು ಊರು, ಕಾವೇರಿ ದಂಡೆ. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ ನಿನ್ನ ತಂಗಿ ಮೂರು ವರ್ಷ ತುಳಿದಳು. ಈಗ ಅವಳೇ ಮಗನನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುತ್ತಾಳೆ, ಹೆದ್ದಾರಿಯಲ್ಲಿ ಸೈಕಲ್ ಕಳಿಸೋಕೆ ಭಯ ಅಂತ. ಅವಳ ಭಯ ಸರಿಯಾಗೇ ಇದೆ. ಬೆಂಗಳೂರಿನಿಂದ ಬರುವ ಗಾಡಿಗಳೆಲ್ಲ ಕೊಪ್ಪದ ಸೇತುವೆ ದಾಟಿ ಊರಿನ ನಡುವೆಯೇ ಹೋಗುತ್ತವೆ. ನೀನು ಮೈಸೂರಿನಲ್ಲಿ 2017ರಲ್ಲಿ ಬಾಡಿಗೆ ಸೈಕಲ್ ಯೋಜನೆ ಟ್ರಿಣ್ ಟ್ರಿಣ್ ಶುರುವಾದಾಗ ಕಾರ್ಡ್ ಮಾಡಿಸಿಕೊಂಡು ನನಗೆ ಫೋಟೊ ಕಳಿಸಿದ್ದೆ. ಆ ಹುಡುಗನಿಗೂ ಅಂಥ ಒಂದು ಬೆಳಿಗ್ಗೆ ಸಿಗಬೇಕು ಅಲ್ವಾ?

ಮುಂದಿನ ವಾರ ಊರಿಗೆ ಬರ್ತೀಯಲ್ಲ, ಸೋಮವಾರ ಒಂದು ದಿನ ಹೆಚ್ಚಿಗೆ ಉಳಿ. ಶಾಲೆ ಬಿಡುವ ಹೊತ್ತಿಗೆ ಸೇತುವೆ ಹತ್ತಿರ ಒಂದು ಗಂಟೆ ನಿಲ್ಲೋಣ. ನಡೆದು ಹೋಗುವ ಮಕ್ಕಳು ಎಷ್ಟು, ಸೈಕಲ್ ಎಷ್ಟು, ರಸ್ತೆ ದಾಟಲು ಎಷ್ಟು ಹೊತ್ತು ಕಾಯುತ್ತಾರೆ, ಇಷ್ಟು ಬರೆದುಕೊಳ್ಳೋಣ. ತಂಗಿಯನ್ನೂ ಕರೆದುಕೊಂಡು ಬಾ. ಅರ್ಜಿಗೆ ಮೊದಲ ಸಹಿ ಅವಳದ್ದೇ ಇರಲಿ.

ಅಮ್ಮ ಈ ಶುಕ್ರವಾರ ಸಂತೆಗೆ ಹೋಗಿದ್ದಳು. ಹೊಸ ಚಪ್ಪಡಿ ಹತ್ತಿರ ಬಂದಾಗ ನನ್ನ ಕೈ ಬಿಟ್ಟು, ಕೊಡೆ ತುದಿಯಿಂದ ಎರಡು ಸಲ ಕುಟ್ಟಿ ನೋಡಿ, ಆಮೇಲೆ ಕಾಲಿಟ್ಟಳು.

ಇಂತಿ ನಿನ್ನ
ಗೆಳೆಯ